ಮಹಡಿ ಮನೆಯವಳ ಮೇಲೊಂದು ಮೂಗರ್ಜಿ

6 ನವೆಂಬರ್ 2024, ಬುಧವಾರ

ಅಕ್ಕ ತೀರಿಕೊಂಡು ಇವತ್ತಿಗೆ ಮೂರು ತಿಂಗಳು. ಬೆಳಿಗ್ಗೆಯೇ ಎದುರುಮನೆಯ ವನಮಾಲಾ ಬಂದು, ಮಹಡಿಯ ಕೋಣೆಯನ್ನು ಹಾಗೆ ಖಾಲಿ ಬಿಡಬಾರದು ಎಂದು ಶುರುಮಾಡಿದಳು. ಖಾಲಿ ಎಲ್ಲಿದೆ? ಅಕ್ಕನ ಹೊಲಿಗೆ ಮಿಷನ್ ಇದೆ, ಮಂಚ ಇದೆ, ಬಟ್ಟೆಯ ಗಂಟುಗಳಿವೆ.

ವನಮಾಲಾ ಸುಮ್ಮನೆ ಬರುವವಳಲ್ಲ. ನೋಡಿದರೆ ಗೇಟಿನ ಹೊರಗೆ ಒಬ್ಬ ಗಂಡಸು ನಿಂತಿದ್ದ. ಹೊಸನಗರದ ಕೃಷ್ಣಪ್ರಸಾದ್, ಅವಳಿಗೆ ದೂರದ ನೆಂಟ. ಅಗರು ಮರದ ತೋಟ ಮಾಡಿದ್ದಾನಂತೆ. ಧೂಪಕ್ಕೆ, ಅತ್ತರಿಗೆ ಬಳಸುವ ಮರ. ಅದರ ಕೆಲಸ ಗೊತ್ತಿರುವ ಒಬ್ಬ ಹೆಂಗಸನ್ನು ವಿಯೆಟ್ನಾಂನಿಂದ ಕರೆಸುತ್ತಿದ್ದಾನಂತೆ, ಒಂದು ವರ್ಷಕ್ಕೆ.

"ತೋಟದ ಮನೆ ರಿಪೇರಿ ಮುಗಿದಿಲ್ಲ ಮೇಡಂ. ಒಂಟಿ ಹೆಂಗಸು. ನಿಮ್ಮನೆ ಆದ್ರೆ ನಂಗೂ ನಿಶ್ಚಿಂತೆ," ಅಂದ.

ತೋಟ ಇರುವುದು ಹೊಸನಗರದಲ್ಲಿ, ಮನೆ ಹುಡುಕುವುದು ಸಾಗರದಲ್ಲಿ. ಯಾಕೆ ಹಾಗೆ ಎಂದು ಕೇಳಿದರೆ ನಕ್ಕ. ನಗು ಉತ್ತರವಾಗುವುದಿಲ್ಲ. ಆದರೂ ಹೂಂ ಅಂದುಬಿಟ್ಟೆ. ಮೇಲೆ ಒಂದು ಸದ್ದೂ ಇಲ್ಲದ ಮನೆಯಲ್ಲಿ ಮಲಗಿ ಅಭ್ಯಾಸವಿಲ್ಲ, ಅದಕ್ಕಿರಬೇಕು.

11 ನವೆಂಬರ್, ಸೋಮವಾರ

ಬಂದಳು. ಬೀದಿಗೆ ಬೀದಿಯೇ ನೆರೆದಿತ್ತು. ವನಮಾಲಾ ಆರತಿ ತಟ್ಟೆ ಹಿಡಿದು ನಿಂತಿದ್ದಳು, ಅವಳ ಗಂಡ ಗಜಾನನ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ. ಆ ಹೆಂಗಸಿಗೆ ಕುಂಕುಮ ಇಟ್ಟದ್ದೇ ಇಟ್ಟದ್ದು. ಮೂವತ್ತೈದರ ಮೇಲಿನ ವಯಸ್ಸು, ಸಣ್ಣ ಆಳು, ಗಟ್ಟಿ ಕೈ. ಹೆಸರು ಲಿಯೆನ್. ಐದೇ ನಿಮಿಷದಲ್ಲಿ ಎಲ್ಲರೂ ಸೇರಿ ಅದನ್ನು ಲೀನಾ ಮಾಡಿದರು. ಅವಳು ಬೇಡ ಎನ್ನಲಿಲ್ಲ. ತನ್ನ ಹೆಸರನ್ನೇ ಇಷ್ಟು ಸುಲಭವಾಗಿ ಬಿಟ್ಟುಕೊಡುವವರನ್ನು ನಾನು ನಂಬುವುದಿಲ್ಲ.

ಎರಡು ಸೂಟ್‌ಕೇಸ್, ಒಂದು ಉದ್ದನೆಯ ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಏನಿದೆ ಎಂದು ಇಡೀ ಬೀದಿಯಲ್ಲಿ ಕೇಳಿದವಳು ನಾನೊಬ್ಬಳೇ.

"ಟೂಲ್ಸ್," ಅಂದಳು.

ಎಂಥ ಟೂಲ್ಸ್ ಎಂದು ಹೇಳಲಿಲ್ಲ.

19 ನವೆಂಬರ್, ಮಂಗಳವಾರ

ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಹೊರಡುತ್ತಾಳೆ. ಹೊಸನಗರದ ಬಸ್ಸು. ಸಂಜೆ ಆರೂವರೆಯ ಒಳಗೆ ವಾಪಸ್. ಏಳಕ್ಕೆ ಫೋನು. ಅಡುಗೆ ಮನೆಯಲ್ಲಿ ನಿಂತರೆ ಮಾತೆಲ್ಲ ಕೇಳುತ್ತದೆ, ಆದರೆ ಒಂದು ಅಕ್ಷರ ಅರ್ಥವಾಗುವುದಿಲ್ಲ. ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವಳು ನಾನು. ಕೇಳಬಾರದು ಎಂಬ ನಿಯಮವಿತ್ತು, ಆದರೂ ಕಿವಿಗೆ ಬಿದ್ದೇ ಬೀಳುತ್ತಿತ್ತು. ಯಾರ ಮನೆಯಲ್ಲಿ ಸಂಬಂಧ ಮುರಿಯಿತು, ಯಾರು ಯಾರಿಗೆ ಸುಳ್ಳು ಹೇಳಿದರು, ಎಲ್ಲ ಗೊತ್ತಾಗುತ್ತಿತ್ತು. ಈಗ ನನ್ನ ಮನೆಯ ಮೇಲೆಯೇ ಒಬ್ಬಳು ಮಾತಾಡುತ್ತಾಳೆ, ಏನೆಂದು ತಿಳಿಯುವುದಿಲ್ಲ.

ಇವತ್ತು ಅತ್ತಳು. ಅಳುವುದಕ್ಕೆ ಭಾಷೆ ಬೇಕಿಲ್ಲ, ಅದು ಗೊತ್ತಾಯಿತು. ನಾಟಕವೂ ಇರಬಹುದು.

2 ಡಿಸೆಂಬರ್, ಸೋಮವಾರ

ಊರಿಗೆ ಊರೇ ಅವಳಿಗೆ ಮರುಳಾಗಿದೆ. ಬಸ್ಸಿನ ಕಂಡಕ್ಟರ್ ಮುಂದಿನ ಸೀಟು ಹಿಡಿದಿಡುತ್ತಾನಂತೆ. ತರಕಾರಿ ನಿಂಗಪ್ಪ ಕೊತ್ತಂಬರಿ ಸೊಪ್ಪು ಹೆಚ್ಚಿಗೆ ಹಾಕುತ್ತಾನೆ. ನನಗೆ ಇಷ್ಟು ವರ್ಷದಲ್ಲಿ ಒಂದು ದಿನ ಹಾಕಿದವನಲ್ಲ. ನಿನ್ನೆ ವನಮಾಲಾ ಅವಳಿಗೆ ಸೀರೆ ಉಡಿಸಿ ಯಾರದೋ ಗೃಹಪ್ರವೇಶಕ್ಕೆ ಕರೆದುಕೊಂಡು ಹೋಗಿ, ಬಂದವರಿಗೆಲ್ಲ ತೋರಿಸಿದಳು. ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಸಾಲು ಇತ್ತಂತೆ. ಶಾಲೆಯ ಮಕ್ಕಳು "ಚೈನಾ, ಚೈನಾ" ಎಂದು ಹಿಂದೆ ಓಡುತ್ತವೆ. ಅವಳು ತಿರುಗಿ ಕೈ ಬೀಸುತ್ತಾಳೆ.

ಇಷ್ಟು ಜನರಲ್ಲಿ ಒಬ್ಬರೂ "ಊಟ ಆಯ್ತಾ" ಎನ್ನುವುದರ ಆಚೆ ಏನನ್ನೂ ಕೇಳುವುದಿಲ್ಲ. ಗಂಡ ಎಲ್ಲಿ? ಯಾಕೆ ಒಬ್ಬಳೇ ಬಂದಳು? ಅವಳ ದೇಶದಲ್ಲಿ ಮರ ಇಲ್ಲವೇ?

ನಾನು ಆನಂದಪುರದ ಹತ್ತಿರದ ಹಳ್ಳಿಯಿಂದ ಕೆಲಸಕ್ಕೆಂದು ಸಾಗರಕ್ಕೆ ಬಂದಾಗ ಇಪ್ಪತ್ತೆರಡು ವರ್ಷ. ಗೇಣಿದಾರ ಸುಬ್ಬಪ್ಪನ ಮಗಳು ಎಂದು ಗೊತ್ತಾದ ಮೇಲೆ ಮೂರು ಮನೆಯವರು ರೂಮು ಇಲ್ಲ ಅಂದರು. ಯಾರೂ ಆರತಿ ಎತ್ತಲಿಲ್ಲ. ಹೊಟ್ಟೆಕಿಚ್ಚಿಗೆ ಬರೆಯುತ್ತಿಲ್ಲ. ಇದ್ದದ್ದು ಇದ್ದ ಹಾಗೆ ಬರೆದೆ.

15 ಡಿಸೆಂಬರ್, ಭಾನುವಾರ

ಅವಳು ಪೇಟೆಗೆ ಹೋಗಿದ್ದಾಗ ನೀರಿನ ಟ್ಯಾಂಕ್ ನೋಡಲು ಮೇಲೆ ಹೋದೆ. ಕೋಣೆಯ ಬಾಗಿಲು ಸ್ವಲ್ಪ ತೆರೆದಿತ್ತು. ನನ್ನದೇ ಮನೆ.

ಅಕ್ಕನ ಹೊಲಿಗೆ ಮಿಷನ್ನಿನ ಮೇಲೆ ಬಟ್ಟೆ ಹಾಸಿ ಸಾಲಾಗಿ ಬಾಟಲಿಗಳನ್ನಿಟ್ಟಿದ್ದಾಳೆ. ಒಳಗೆ ಕಂದು ಬಣ್ಣದ ನೀರು. ಪಕ್ಕದಲ್ಲಿ ದನಕ್ಕೆ ಚುಚ್ಚುವಂಥ ದಪ್ಪ ಸಿರಿಂಜುಗಳು, ಎಣಿಸಿದೆ, ಹದಿನಾಲ್ಕು. ಕಬ್ಬಿಣದ ಪೆಟ್ಟಿಗೆ ತೆರೆದೇ ಇತ್ತು: ಡ್ರಿಲ್ ಮಿಷನ್, ಉದ್ದುದ್ದ ಮೊಳೆಯಂಥ ಬಿಟ್‌ಗಳು, ಕೈಗವಸು, ಮುಖಕ್ಕೆ ಕಟ್ಟುವ ಬಟ್ಟೆ.

ಮರ ನೋಡಿಕೊಳ್ಳುವವಳಿಗೆ ಸಿರಿಂಜು ಯಾಕೆ?

ಬಾಗಿಲನ್ನು ಮೊದಲಿದ್ದಷ್ಟೇ ತೆರೆದಿಟ್ಟು ಇಳಿದು ಬಂದೆ.

22 ಡಿಸೆಂಬರ್, ಭಾನುವಾರ

ಬಸ್‌ಸ್ಟ್ಯಾಂಡಿನಲ್ಲಿ ಅವಳು ಒಬ್ಬನಿಗೆ ಪೊಟ್ಟಣ ಕೊಡುವುದನ್ನು ಕಣ್ಣಾರೆ ಕಂಡೆ. ಹೆಲ್ಮೆಟ್ ಹಾಕಿದ್ದ. ಎರಡು ಮಾತಾಡಿ ಬೈಕಿನಲ್ಲಿ ಹೊರಟುಹೋದ. ವನಮಾಲಾಗೆ ಹೇಳಿದರೆ, "ಕೊರಿಯರ್‌ನವ್ನು ಇರ್ಬೇಕು ಕಣ್ರೀ. ನಿಮ್ಗೆ ಎಲ್ಲದ್ರಲ್ಲೂ ಏನೋ ಕಾಣ್ಸತ್ತೆ," ಎಂದು ನಕ್ಕಳು.

ಕಾಣಿಸುತ್ತದೆ, ಹೌದು. ಉಳಿದವರು ಕಣ್ಣು ಮುಚ್ಚಿಕೊಂಡಿದ್ದಾರೆ.

28 ಡಿಸೆಂಬರ್, ಶನಿವಾರ

ಬರೆದು ಹಾಕಿದೆ. ಪೊಲೀಸ್ ಠಾಣೆಗೆ, ಹೆಸರಿಲ್ಲದೆ. ಸಿರಿಂಜು, ಬಾಟಲಿ, ಡ್ರಿಲ್, ಪೊಟ್ಟಣ. ಕಂಡದ್ದಕ್ಕಿಂತ ಒಂದು ಪದವನ್ನೂ ಹೆಚ್ಚು ಬರೆಯಲಿಲ್ಲ. ಎಡಗೈಯಲ್ಲಿ ಬರೆದದ್ದರಿಂದ ಕೈ ನೋಯುತ್ತಿದೆ. ಮೂಗರ್ಜಿ ಬರೆಯುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಆದರೆ ಹೆಸರು ಹಾಕಿದ್ದರೆ ಊರೆಲ್ಲ ನನ್ನನ್ನೇ ಬಯ್ಯುತ್ತಿತ್ತು.

3 ಜನವರಿ 2025, ಶುಕ್ರವಾರ

ಎರಡು ದಿನದಿಂದ ಜ್ವರ. ಬೆಳಿಗ್ಗೆ ಏಳಲೂ ಆಗಲಿಲ್ಲ. ಬಾಗಿಲು ತಟ್ಟಿದ ಸದ್ದು. ತೆರೆದಾಗ ಯಾರೂ ಇಲ್ಲ, ಮೆಟ್ಟಿಲ ಮೇಲೆ ಮುಚ್ಚಿದ ಪಾತ್ರೆಯಲ್ಲಿ ಗಂಜಿ. ಶುಂಠಿ, ಈರುಳ್ಳಿ ಸೊಪ್ಪು ಹಾಕಿದ್ದಾಳೆ. ಮೊದಲು ಬೆಕ್ಕಿಗೆ ಒಂದು ಸೌಟು ಹಾಕಿ ನೋಡಿದೆ. ಬೆಕ್ಕಿಗೆ ಏನೂ ಆಗಲಿಲ್ಲ. ಚೆಲ್ಲುವುದು ಯಾಕೆ ಎಂದು ಉಳಿದದ್ದನ್ನು ತಿಂದೆ.

ಸಂಜೆ ಮತ್ತೊಂದು ಪಾತ್ರೆ. ಈ ಸಲ ಬೆಕ್ಕು ಮನೆಯಲ್ಲಿರಲಿಲ್ಲ.

9 ಜನವರಿ, ಗುರುವಾರ

ಬಂದರು. ಸಬ್ ಇನ್ಸ್‌ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್ ಮಾಸ್ತಪ್ಪ, ಒಬ್ಬಳು ಮಹಿಳಾ ಪೇದೆ. ಬಾಟಲಿಗಳನ್ನು ಪರೀಕ್ಷೆಗೆಂದು ಡಬ್ಬಕ್ಕೆ ತುಂಬಿಕೊಂಡರು. ಪಾಸ್‌ಪೋರ್ಟಿನ ನಕಲು ಮಾಡಿಸಿಕೊಂಡರು. ಜಿಲ್ಲಾ ಕಚೇರಿಯಲ್ಲಿ ಅವಳ ಹೆಸರು ನೋಂದಣಿಯೇ ಆಗಿಲ್ಲವಂತೆ. ಅದನ್ನು ಕೃಷ್ಣಪ್ರಸಾದ್ ಮಾಡಿಸಬೇಕಿತ್ತು.

ಆಮೇಲೆ ಮಾಸ್ತಪ್ಪ ನನ್ನ ಕಡೆ ತಿರುಗಿದ. "ಅಕ್ಕಾ, ನೀವು ಸಿ ಫಾರ್ಮ್ ಹಾಕಿದ್ರಾ?"

"ಅದೆಂತದು?"

"ಫಾರಿನ್‌ನೋರನ್ನ ಮನೇಲಿ ಇಟ್ಕೊಂಡ್ರೆ ಒಂದು ದಿನದೊಳಗೆ ನಮಗೆ ತಿಳಿಸ್ಬೇಕು. ಅದು ಮನೆ ಓನರ್ ಕೆಲ್ಸ."

ಅಂದರೆ ತಪ್ಪು ಮಾಡಿದವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಯಾರೂ ನನಗೆ ಹೇಳಿರಲಿಲ್ಲ. ಕೃಷ್ಣಪ್ರಸಾದನಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಮುಚ್ಚಿಟ್ಟನೇ?

ಹೋಗುವಾಗ ಮಾಸ್ತಪ್ಪ ತಗ್ಗಿದ ದನಿಯಲ್ಲಿ, "ಈ ಅರ್ಜಿ ಕೋಣೆ ಒಳಗೆ ನೋಡಿದೋರೇ ಬರ್ದಿದ್ದು ಅಕ್ಕಾ," ಅಂದು ನನ್ನ ಮುಖ ನೋಡಿದ. ನಾನು ಬೆಕ್ಕನ್ನು ಓಡಿಸಲು ಒಳಗೆ ಹೋದೆ.

10 ಜನವರಿ, ಶುಕ್ರವಾರ

ಬೀದಿ ತಣ್ಣಗಾಗಿದೆ. ಲಿಯೆನ್ ಬೆಳಿಗ್ಗೆ ಹೊರಟಾಗ ಎದುರುಮನೆಯ ಕಿಟಕಿ ಮುಚ್ಚಿಕೊಂಡಿತು. ಹೂ ಕೇಳಲು ಹೋಗಿದ್ದೆ, ಒಳಗೆ ವನಮಾಲಾ ಗಂಡನಿಗೆ ಅವರ ಮನೆಮಾತಿನಲ್ಲಿ ಹೇಳುತ್ತಿದ್ದಳು: "ಎಂತ ಆಯ್ದೋ ಗೊತ್ತಿಲ್ಲೆ. ಎಂಗೊ ಇದ್ರಲ್ಲಿ ಬೀಳದು ಬ್ಯಾಡ. ಆ ಫೋಟೋ ಎಲ್ಲಾ ತೆಗೆದು ಹಾಕಿ ಮೊದ್ಲು." ತಾವು ಇದರಲ್ಲಿ ಸಿಕ್ಕಿಕೊಳ್ಳುವುದು ಬೇಡವಂತೆ. ಆರತಿ ಎತ್ತಿದ ಕೈ ಅದೇ.

ನಿಂಗಪ್ಪನೂ ಲಿಯೆನ್‌ಗೆ ಇವತ್ತು ಮಾತಾಡದೆ ತರಕಾರಿ ತೂಗಿದನಂತೆ.

ಅದನ್ನು ಹೇಳಿದವಳು ಲಿಯೆನ್ನೇ. ಸಂಜೆ ಕೆಳಗೆ ಬಂದು ಬಾಗಿಲಲ್ಲಿ ನಿಂತಳು. ಒಳಗೆ ಬಾ ಎಂದೆ. ಎರಡು ತಿಂಗಳಲ್ಲಿ ಮೊದಲ ಸಲ. ಅವಳ ಕನ್ನಡ ಇಷ್ಟು ಮುಂದೆ ಹೋಗಿದೆ ಎಂದು ನನಗೆ ಗೊತ್ತಿರಲಿಲ್ಲ. ತೋಟದ ಹೆಂಗಸರಿಂದ ಕಲಿತಿದ್ದಾಳಂತೆ.

"ಮರಕ್ಕೆ ತೂತು ಮಾಡ್ಬೇಕು ಅಮ್ಮ. ಔಷಧಿ ಹಾಕ್ಬೇಕು, ಸಿರಿಂಜ್‌ನಲ್ಲಿ. ಆಮೇಲೆ ಒಳಗೆ ಕಪ್ಪು ಆಗುತ್ತೆ. ಆ ಕಪ್ಪು ಮಾತ್ರ ವಾಸನೆ. ನಾನು ಬಾಟಲಿಯಲ್ಲಿ ಬೂಷ್ಟು ಬೆಳೆಸ್ತೀನಿ. ಬೇರೆ ಏನೂ ಇಲ್ಲ."

ಬೂಷ್ಟು ಎಂಬ ಪದವನ್ನು ಎಷ್ಟು ಸರಿಯಾಗಿ ಹೇಳಿದಳು.

ಫೋನಿನಲ್ಲಿ ಮಗಳ ಫೋಟೋ ತೋರಿಸಿದಳು. ಒಂಬತ್ತು ವರ್ಷ. ಅಜ್ಜಿಯ ಜೊತೆ ಸಮುದ್ರದ ಹತ್ತಿರದ ಊರಿನಲ್ಲಿದ್ದಾಳೆ. ಗಂಡ ಬಿಟ್ಟುಹೋಗಿದ್ದಾನೆ. ಇಲ್ಲಿಂದ ದೇಶ ಬಿಟ್ಟು ಹೋಗು ಎಂಬ ನೋಟಿಸು ಬಂದರೆ ಪಾಸ್‌ಪೋರ್ಟಿನಲ್ಲಿ ಗುರುತಾಗುತ್ತದೆ, ಆಮೇಲೆ ಯಾವ ದೇಶದವರೂ ಕೆಲಸಕ್ಕೆ ಕರೆಯುವುದಿಲ್ಲ ಎಂದು ಹೆದರಿದ್ದಾಳೆ.

"ಯಾರು ಬರೆದ್ರು ಅಮ್ಮ? ನಾನು ಯಾರಿಗೆ ಏನು ಮಾಡಿದೆ?"

ನನ್ನ ಹತ್ತಿರವೇ ಯಾಕೆ ಕೇಳಿದಳು? ಗೊತ್ತಿದ್ದೇ ಕೇಳುತ್ತಿದ್ದಾಳೆ ಎಂದು ಅವಳ ಕಣ್ಣನ್ನೇ ನೋಡುತ್ತ ಕೂತೆ. ಗೊತ್ತಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಕೂತವಳಿಗೆ ದನಿಯಲ್ಲೇ ತಿಳಿಯುತ್ತದೆ.

ದೋಸೆ ಮಾಡಿದ್ದೆ. ಮೂರು ತಿಂದಳು.

12 ಜನವರಿ, ಭಾನುವಾರ

ಕೃಷ್ಣಪ್ರಸಾದ್ ಫೋನ್ ಮಾಡಿದ. ದನಿಗೆ ತುಪ್ಪ ಸವರಿಕೊಂಡಿದ್ದ.

"ಮೇಡಂ, ಪೊಲೀಸ್ರು ಕೇಳಿದ್ರೆ ಅವ್ಳು ಟೂರಿಸ್ಟ್ ಅಂತ ಬಂದಿದ್ಲು, ತಾನಾಗೇ ರೂಮ್ ಕೇಳಿದ್ಲು ಅಂದ್ಬಿಡಿ. ನಿಮ್ಗೂ ತೊಂದ್ರೆ ಇಲ್ಲ, ನಂಗೂ ಇಲ್ಲ."

"ಅವಳಿಗೆ?"

"ಅವ್ಳು ಹೇಗೂ ವಾಪಸ್ ಹೋಗೋಳೇ ಅಲ್ವಾ."

"ಯೋಚನೆ ಮಾಡ್ತೀನಿ," ಎಂದು ಇಟ್ಟೆ. ಕರೆಸುವಾಗ ಇವನಿಗೆ ಅವಳು ಬೇಕಿತ್ತು. ಈಗ ಅವಳನ್ನು ಕಂಡೇ ಇಲ್ಲ ಎನ್ನುತ್ತಾನೆ. ಗೇಟಿನ ಹೊರಗೆ ನಿಂತು ನಕ್ಕ ದಿನವೇ ಇವನ ಮೇಲೆ ನನಗೆ ಅನುಮಾನ ಬಂದಿತ್ತು. ಬಂದ ಅನುಮಾನವನ್ನು ತೆಗೆದುಕೊಂಡು ಹೋಗಿ ಬೇರೆಯವರ ಮೇಲೆ ಹಾಕಿದೆ.

14 ಜನವರಿ, ಮಂಗಳವಾರ

ಸಂಕ್ರಾಂತಿ. ಎಳ್ಳುಬೆಲ್ಲ ಹಂಚಲು ಮಕ್ಕಳು ಎಲ್ಲರ ಮನೆಗೂ ಹೋದರು. ಮಹಡಿಯ ಮೆಟ್ಟಿಲು ಒಬ್ಬರೂ ಹತ್ತಲಿಲ್ಲ. ಅವಳು ಹೊಸ ಬಟ್ಟೆ ಹಾಕಿಕೊಂಡು ಬಾಗಿಲು ತೆರೆದು ಕೂತಿದ್ದಳು. ತೋಟದವರು ಹಬ್ಬದ ಬಗ್ಗೆ ಹೇಳಿದ್ದರಂತೆ.

ನಾನು ತೆಗೆದುಕೊಂಡು ಹೋದೆ. ಕೊಡುವಾಗ ಹೇಳಿಬಿಡಬೇಕು ಎಂದಿದ್ದೆ. ಎಳ್ಳುಬೆಲ್ಲ ಮಾತ್ರ ಕೊಟ್ಟು ಇಳಿದು ಬಂದೆ.

16 ಜನವರಿ, ಗುರುವಾರ

ಇವತ್ತು ಠಾಣೆಗೆ ಕರೆದಿದ್ದರು, ನನ್ನನ್ನೂ ಅವಳನ್ನೂ. ಕೃಷ್ಣಪ್ರಸಾದ್ ಮೊದಲೇ ಬಂದು ಕುರ್ಚಿಯಲ್ಲಿ ಕೂತಿದ್ದ. ಲಿಯೆನ್‌ಗೆ ಬೆಂಚು.

ಬಾಟಲಿಯಲ್ಲಿರುವುದು ಬೂಷ್ಟಿನ ದ್ರಾವಣವೇ ಎಂದು ತಿಳಿದವರು ಹೇಳಿದ್ದಾರಂತೆ. ಆದರೂ ಕಾಗದಪತ್ರ ಸರಿಯಿಲ್ಲ, ಅರ್ಜಿ ಬೇರೆ ಇದೆ, ಬಸ್‌ಸ್ಟ್ಯಾಂಡಿನಲ್ಲಿ ಪೊಟ್ಟಣ ಕೊಟ್ಟದ್ದು ಯಾರಿಗೆಂದು ಗೊತ್ತಾಗಬೇಕು, ಇಲ್ಲದಿದ್ದರೆ ಇದ್ದದ್ದನ್ನು ಇದ್ದ ಹಾಗೆ ಶಿವಮೊಗ್ಗಕ್ಕೆ ಬರೆಯಬೇಕಾಗುತ್ತದೆ ಎಂದರು ಸಬ್ ಇನ್ಸ್‌ಪೆಕ್ಟರ್.

"ಮಗಳ ಹುಟ್ಟಿದ ದಿನಕ್ಕೆ ಬಟ್ಟೆ ಕಳಿಸಿದೆ. ಕೊರಿಯರ್," ಎಂದು ಲಿಯೆನ್ ರಸೀದಿ ತೆಗೆದಳು. ಮಾಸ್ತಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ನಿಮ್ಮ ಹೇಳಿಕೆ ಏನಮ್ಮ?" ಎಂದು ನನ್ನನ್ನು ಕೇಳಿದರು.

ದಾರಿಯುದ್ದಕ್ಕೂ ಬೇರೆ ಏನೇನೋ ಜೋಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು ಒಂದೇ. "ಆ ಅರ್ಜಿ ಬರೆದದ್ದು ನಾನೇ ಸಾರ್."

ಲಿಯೆನ್‌ಗೆ ಪೂರ್ತಿ ತಿಳಿಯಲಿಲ್ಲ. ಮಾಸ್ತಪ್ಪನ ಮುಖ ನೋಡಿದಳು. ಅವನು ತಡವರಿಸುತ್ತ, "ಹೆಸರಿಲ್ದೆ ಕಾಗ್ದ ಬಂದಿತ್ತಲ್ಲಮ್ಮ... ಅದು ಇವ್ರೇ ಬರ್ದಿದ್ದಂತೆ," ಎಂದು ಬಿಡಿಸಿ ಹೇಳಿದ. ಆಮೇಲೆ ಅವಳು ನನ್ನ ಕಡೆ ನೋಡಲಿಲ್ಲ.

"ಯಾಕೆ ಬರೆದ್ರಿ?"

"ಅನುಮಾನ ಬಂತು."

"ಈಗ ಅನುಮಾನ ಇಲ್ವಾ?"

"ನಂಗೆ ಯಾರ ಮೇಲೆ ಅನುಮಾನ ಇಲ್ಲ ಸಾರ್? ಅದನ್ನ ಬಿಡಿ, ಕಂಡದ್ದು ಕೇಳಿ. ಇವಳು ಹೊರಡೋದು ಏಳು ಇಪ್ಪತ್ತಕ್ಕೆ. ಬರೋದು ಆರೂವರೆ ಒಳಗೆ. ಎರಡು ತಿಂಗಳಲ್ಲಿ ಒಂದು ದಿನ ತಪ್ಪಿಲ್ಲ. ಮನೆಗೆ ಹೊರಗಿನವರು ಒಬ್ಬರೂ ಬಂದಿಲ್ಲ. ನಾನು ಬಾಗಿಲು ಕಾದಿದೀನಿ, ನಂಗೆ ಗೊತ್ತು. ರೂಮು ಕೇಳೋಕೆ ಬಂದಿದ್ದು ಇವರು, ಕೃಷ್ಣಪ್ರಸಾದ್. ಕೆಲಸಕ್ಕೆ ಕರೆಸ್ತಿದೀನಿ ಅಂತ ನನ್ನೆದುರೇ ಹೇಳಿದ್ರು. ಮೊನ್ನೆ ಫೋನ್ ಮಾಡಿ ಸುಳ್ಳು ಹೇಳಿ ಅಂದದ್ದೂ ಇವರೇ. ಸಿ ಫಾರ್ಮ್ ಹಾಕದೆ ಇದ್ದದ್ದು ನಾನು. ದಂಡ ಇದ್ರೆ ನಂಗೆ ಹಾಕಿ."

ಕೃಷ್ಣಪ್ರಸಾದ್ ಕುರ್ಚಿಯಿಂದ ಎದ್ದ, ಕೂತ, ಮತ್ತೆ ಎದ್ದ. ಕೊನೆಗೆ ಅವನು ಅವಳನ್ನು ಕರೆಸಿದ್ದು ತಾನೇ ಎಂದು ಬರೆದು ಕೊಟ್ಟ. ನಾನು ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಬರೆದು, ಈ ಸಲ ಬಲಗೈಯಲ್ಲಿ, ಕೆರಿಯಮ್ಮ ಎಂದು ಸಹಿ ಹಾಕಿದೆ.

ವಾಪಸ್ ಬರುವಾಗ ಒಂದೇ ಆಟೋ. ಅವಳು ಹೊರಗೆ ನೋಡುತ್ತಿದ್ದಳು. ನಾನೂ ಹೊರಗೆ ನೋಡುತ್ತಿದ್ದೆ, ಇನ್ನೊಂದು ಕಡೆಗೆ.

20 ಜನವರಿ, ಸೋಮವಾರ

ಮಾತಿಲ್ಲ. ಮೆಟ್ಟಿಲ ಮೇಲೆ ಇಟ್ಟ ಉಪ್ಪಿಟ್ಟು ಹಾಗೇ ಇತ್ತು. ಬೆಕ್ಕು ತಿಂದಿತು.

ಬೀದಿಗೆಲ್ಲ ವಿಷಯ ಗೊತ್ತಾಗಿದೆ. ವನಮಾಲಾ ಬಂದು, "ಪಾಪ, ಅಷ್ಟು ಒಳ್ಳೆ ಹೆಂಗ್ಸಿನ ಮೇಲೆ ಹೇಗ್ರೀ ಬರೆಯೋಕೆ ಮನ್ಸು ಬಂತು ನಿಮ್ಗೆ?" ಅಂದಳು. ಅವಳಿಗೆ ಹೇಳಲು ಬೇಕಾದಷ್ಟಿತ್ತು, ಆದರೆ ಬರೆದದ್ದಂತೂ ನಾನೇ.

2 ಫೆಬ್ರುವರಿ, ಭಾನುವಾರ

ನೋಂದಣಿ ಆಯಿತು. ಉಳಿದ ತಿಂಗಳು ಇಲ್ಲೇ ಇರಬಹುದು. ಇಲ್ಲೇ ಎಂದರೆ ಹೊಸನಗರದಲ್ಲಿ. ತೋಟದ ಮನೆಗೇ ಹೋದಳು. ಕೋಣೆ ಗುಡಿಸಿ, ಮಿಷನ್ ಒರೆಸಿ, ಕೀಲಿಕೈಯನ್ನು ಕಿಟಕಿಯಲ್ಲಿಟ್ಟು ಹೋಗಿದ್ದಾಳೆ.

ಮೇಲೆ ಸದ್ದಿಲ್ಲ.

23 ಫೆಬ್ರುವರಿ, ಭಾನುವಾರ

ಶುಕ್ರವಾರ ಅವಳ ಹೆಸರಿಗೆ ವಿಯೆಟ್ನಾಂನಿಂದ ಒಂದು ಕಟ್ಟು ಬಂತು. ಮೆತ್ತಗಿತ್ತು. ಏನಿರಬಹುದೆಂದು ಎರಡು ದಿನ ನೋಡಿದೆ, ಬಿಚ್ಚಲಿಲ್ಲ. ಅಂಚೆಯಲ್ಲಿ ಹಾಕಬಹುದಿತ್ತು. ಆದರೆ ಕಳೆದುಹೋದರೆ? ಯಾರನ್ನು ನಂಬುವುದು? ನಾನೇ ಏಳು ಇಪ್ಪತ್ತಕ್ಕೆ ಮನೆಯಿಂದ ಹೊರಟು ಹೊಸನಗರದ ಬಸ್ಸು ಹತ್ತಿದೆ.

ಪೇಟೆಯಿಂದ ತೋಟಕ್ಕೆ ಆಟೋದಲ್ಲಿ ಹೋಗಬೇಕು. ಗೇಟಿನಲ್ಲಿ ಗೋಪಾಲಪ್ಪ ಎಂಬ ಮುದುಕ ಅಡ್ಡ ನಿಂತ. "ಯಾರು ನೀವು? ಯಾವೂರು? ಯಾರ್ ಬೇಕಿತ್ತು?" ಹೇಳಿದೆ. "ಅವ್ರಿಗೆ ನೀವು ಏನಾಗ್ಬೇಕು?" ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ. ಅಷ್ಟರಲ್ಲಿ ಕೆಲಸದ ಹೆಂಗಸರು ಐದಾರು ಜನ ಸುತ್ತ ಸೇರಿ ನನ್ನ ಚೀಲವನ್ನೇ ನೋಡತೊಡಗಿದರು. ಬಿಸಿಲಲ್ಲಿ ಹಾಗೇ ನಿಂತಿದ್ದೆ.

ಲಿಯೆನ್ ಮರಗಳ ನಡುವಿನಿಂದ ಡ್ರಿಲ್ ಹಿಡಿದುಕೊಂಡು ಬಂದಳು. ನನ್ನನ್ನು ನೋಡಿ ನಿಂತಳು. ಮುಖದ ಬಟ್ಟೆ ಕೆಳಗೆ ಎಳೆದುಕೊಂಡಳು. ಆಮೇಲೆ ಆ ಹೆಂಗಸರಿಗೆ ಹೇಳಿದಳು:

"ನನ್ನ ಮೇಲೆ ಅರ್ಜಿ ಬರೆದದ್ದು ಇವರೇ."

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು.

"ಸ್ಟೇಷನ್‌ನಲ್ಲಿ ನಾನೇ ಬರೆದೆ ಅಂತ ಹೇಳಿದ್ದೂ ಇವರೇ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಮುಖ ನೋಡಿ. ಊಟ ಹಾಕಿ."

ಹಾಕಿದರು. ಅನ್ನ, ಬಸಳೆ ಸೊಪ್ಪಿನ ಹುಳಿ. ಅವಳು ದೂರ ಕೂತು ಕಟ್ಟು ಬಿಚ್ಚಿದಳು. ಮಗಳು ಹೆಣೆದ ಸ್ವೆಟರ್, ಒಂದು ತೋಳು ಗಿಡ್ಡ. ಕ್ಷಮಿಸು ಎಂದು ಹೇಳಲು ಹೋದೆ. "ಮೊದಲು ಊಟ ಮಾಡಿ," ಅಂದಳು.

ಹೊರಡುವ ಮೊದಲು ಅವಳ ಕೋಣೆ ನೋಡಿದೆ, ಅವಳೇ ತೋರಿಸಿದಳು. ರಿಪೇರಿ ಮಾಡಿಸಿದ್ದೇನೆ ಎಂದು ಆ ಕೃಷ್ಣಪ್ರಸಾದ್ ಠಾಣೆಯಲ್ಲಿ ಹೇಳಿಕೊಂಡಿದ್ದ. ಬಚ್ಚಲಿಗೆ ದೀಪ ಇಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕವೇ ಇಲ್ಲ, ರಾತ್ರಿ ಪೆಟ್ಟಿಗೆ ಅಡ್ಡ ಇಟ್ಟು ಮಲಗುತ್ತಾಳಂತೆ. ಕೇಳಿದರೆ ಮುಂದಿನ ವಾರ ಹಾಕಿಸುತ್ತಾರಂತೆ ಅಂದಳು. ಮುಂದಿನ ವಾರ ಎನ್ನುವವನ ಮಾತನ್ನು ಅವಳು ನಂಬುತ್ತಾಳೆ. ಹೊರಗಿನವಳು, ಅವಳಿಗೆ ಇಲ್ಲಿಯವರು ಗೊತ್ತಿಲ್ಲ.

ನಾಳೆ ಬೆಳಿಗ್ಗೆ ಬಡಗಿ ಶ್ಯಾಮನನ್ನು ಕರೆದುಕೊಂಡು ಅದೇ ಬಸ್ಸಿಗೆ ಹೋಗುತ್ತೇನೆ. ಚಿಲಕ ಹಾಕಿಸಿ, ಒಳಗಿನಿಂದ ಹಾಕಿ ತೆಗೆದು ನೋಡಿಯೇ ಬರುವುದು. ಶ್ಯಾಮನ ಕೆಲಸದ ಮೇಲೂ ನನಗೆ ಅಷ್ಟು ನಂಬಿಕೆ ಇಲ್ಲ.